ಬೆಟ್ಟದವರ ಹಳೆ ಫೋಟೊ: ನೀವು ಕೇಳಿದ್ದು, ನಾನು ಹೇಳಿದ್ದು

ಬೆಟ್ಟ-ಕಣಿವೆಗಳ ಜನರ ದಿನದ ಬದುಕು, ದುಡಿಮೆ ತೋರಿಸುವ ಹಳೆ ಫೋಟೊಗಳ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ಬೇಜಾರು ಮಾಡ್ಕೋಬೇಡಿ, ಹೇಳೋದು ಅಷ್ಟಿತ್ತು.

ಪ್ರಶ್ನೆ: ಇಬ್ಬರು ಚೀನೀ ಕೂಲಿಯಾಳುಗಳು ತಲೆಗಿಂತ ಎತ್ತರದ ಹೊರೆ ಹೊತ್ತು ನಿಂತಿರುವ ಫೋಟೊ ನನ್ನ ಮೊಬೈಲಿಗೆ ಬಂತು. ಒಬ್ಬನ ಬೆನ್ನ ಮೇಲೆ 140 ಕಿಲೊಗಿಂತ ಜಾಸ್ತಿ ಚಹಾ ಇದೆ ಅಂತ ಕೆಳಗೆ ಬರೆದಿತ್ತು. ಇದು ನಿಜವಾ, ಯಾರೋ ಕಟ್ಟಿದ ಕಥೆಯಾ?

ಫೋಟೊ ನಿಜ. 1908ರ ಜುಲೈನಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಪಶ್ಚಿಮದ ಬೆಟ್ಟಗಳಲ್ಲಿ ಅರ್ನೆಸ್ಟ್ ವಿಲ್ಸನ್ ತೆಗೆದದ್ದು. ಆತ ಫೋಟೊಗ್ರಾಫರ್ ಅಲ್ಲ, ಸಸ್ಯ ಸಂಗ್ರಾಹಕ. ಅಮೆರಿಕದ ಆರ್ನಲ್ಡ್ ಆರ್ಬೊರೀಟಮ್ ಅನ್ನುವ ಮರಗಿಡಗಳ ತೋಟದ ಪರವಾಗಿ ಗಿಡ, ಬೀಜ ಹುಡುಕಿಕೊಂಡು ಅಲ್ಲಿಗೆ ಹೋಗಿದ್ದ. ದಾರಿಯಲ್ಲಿ ಸಿಕ್ಕ ಈ ಇಬ್ಬರನ್ನು ನಿಲ್ಲಿಸಿ ಫೋಟೊ ತೆಗೆದ. ಒಬ್ಬನ ಹೊರೆ 317 ಪೌಂಡ್, ಇನ್ನೊಬ್ಬನದು 298 ಪೌಂಡ್ ಅಂತ ಬರೆದಿಟ್ಟ. ನಮ್ಮ ಲೆಕ್ಕದಲ್ಲಿ ಸುಮಾರು 144 ಕಿಲೊ ಮತ್ತು 135 ಕಿಲೊ. ಟಿಬೆಟ್ ಕಡೆಗೆ ಹೋಗುವ ಇಟ್ಟಿಗೆ ಚಹಾ ಅದು, ಅಂದರೆ ಇಟ್ಟಿಗೆ ಆಕಾರಕ್ಕೆ ಒತ್ತಿದ ಚಹಾ. ಇಂದು ಕಾಂಗ್‌ಡಿಂಗ್ ಎನ್ನುವ ಊರಿನವರೆಗೆ, ಕೆಟ್ಟ ದಾರಿಯಲ್ಲಿ, ದಿನಕ್ಕೆ ಸುಮಾರು 6 ಮೈಲಿ ನಡೆಯುತ್ತಾರೆ ಅಂತಲೂ ಅವನೇ ಬರೆದಿದ್ದಾನೆ.

ಈ ಫೋಟೊ ಬಂದರೆ ಎಲ್ಲರೂ ತೂಕ ನೋಡಿ "ಅಬ್ಬಾ" ಅಂದು ಮುಂದೆ ಕಳಿಸುತ್ತಾರೆ. ಸ್ವಲ್ಪ ನಿಂತು ಅವರ ಕೈ ನೋಡಿ. ಟಿ ಆಕಾರದ ಮರದ ಕೋಲು ಕಾಣುತ್ತದೆ. ಅದು ಬರೀ ಊರುಗೋಲು ಅಲ್ಲ. ಅಷ್ಟು ಭಾರವನ್ನು ಒಮ್ಮೆ ನೆಲಕ್ಕೆ ಇಳಿಸಿದರೆ ಮತ್ತೆ ಒಬ್ಬನೇ ಎತ್ತಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಕೋಲನ್ನು ಹಿಂದಕ್ಕೆ ತಂದು ಹೊರೆಯ ಅಡಿಗೆ ಕೊಡುತ್ತಾರೆ. ಭಾರ ಕೋಲಿನ ಮೇಲೆ ಕೂರುತ್ತದೆ, ಮನುಷ್ಯ ನಿಂತಲ್ಲೇ ಉಸಿರು ಬಿಡುತ್ತಾನೆ. ಸ್ವಲ್ಪ ದೂರ ಹೋಗಿ ಮತ್ತೆ ಹಾಗೇ. ನೇಪಾಳದಲ್ಲಿ ಇದೇ ಥರದ ಕೋಲಿಗೆ ತೋಕ್ಮಾ ಅನ್ನುತ್ತಾರೆ, ಬುಟ್ಟಿಗೆ ಡೋಕೊ, ಹಣೆಗೆ ಕೊಡುವ ಪಟ್ಟಿಗೆ ನಾಮ್ಲೊ. ಅಲ್ಲಿ ಈಗಲೂ ಇವು ಬಳಕೆಯಲ್ಲಿವೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎವರೆಸ್ಟ್ ದಾರಿಯ ಹೊರೆಯಾಳುಗಳನ್ನು ತೂಗಿ ನೋಡಿದ್ದರು. ಗಂಡಸರು ಸರಾಸರಿ ತಮ್ಮ ದೇಹದ ತೂಕದ 93%ರಷ್ಟು, ಹೆಂಗಸರು 66%ರಷ್ಟು ಹೊತ್ತಿದ್ದರು. ಸರಾಸರಿಯೇ ಅಷ್ಟು ಅಂದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತವರು ಇದ್ದರು ಅಂತಾಯ್ತು. ಸಿಚುವಾನ್‌ನ ಚಹಾ ಹೊರುವವರಿಗೆ ಕೂಲಿ ಸಿಗುತ್ತಿದ್ದದ್ದು ತೂಕದ ಲೆಕ್ಕದಲ್ಲಿ. ದಿನದ ಲೆಕ್ಕದಲ್ಲಿ ಅಲ್ಲ. ಬೆನ್ನ ಮೇಲೆ ಇನ್ನೊಂದು ಕಟ್ಟು ಯಾಕೆ ಏರಿಸಿಕೊಳ್ಳುತ್ತಿದ್ದರು ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಬ್ಬರ ಹೊರೆಯ ತೂಕ ಪೌಂಡ್ ಸಮೇತ ದಾಖಲಾಗಿದೆ. ಇಬ್ಬರ ಹೆಸರು ದಾಖಲಾಗಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಪ್ರಶ್ನೆ: ಹಳೆ ಫೋಟೊಗಳಲ್ಲಿ ಬೆಟ್ಟದ ಜನ ಯಾಕೆ ಯಾವಾಗಲೂ ಸಿಟ್ಟಾದವರ ಹಾಗೆ ಕಾಣುತ್ತಾರೆ? ಅಷ್ಟು ಕಷ್ಟದ ಬದುಕಾ?

ಕಷ್ಟ ಇತ್ತು. ಆದರೆ ಮುಖ ಬಿಗಿಯಾಗಲು ಕಾರಣ ಅದಲ್ಲ. ಬಯಲಿನ ಶ್ರೀಮಂತರ ಫೋಟೊಗಳಲ್ಲೂ ಆಗ ಯಾರೂ ನಗುತ್ತಿರಲಿಲ್ಲ. 1851ರಲ್ಲಿ ಬಂದ ಒದ್ದೆ ಗಾಜಿನ ಪದ್ಧತಿಯಲ್ಲಿ (ಗಾಜಿಗೆ ರಾಸಾಯನಿಕ ಬಳಿದು ಒದ್ದೆ ಇರುವಾಗಲೇ ತೆಗೆಯುವುದು) ಒಂದು ಫೋಟೊಗೆ ಹಲವು ಸೆಕೆಂಡು ಅಲ್ಲಾಡದೆ ನಿಲ್ಲಬೇಕಿತ್ತು. ಅಷ್ಟು ಹೊತ್ತು ನಗು ಹಿಡಿದು ನೋಡಿ, ಗೊತ್ತಾಗುತ್ತದೆ. ಜೊತೆಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿರುತ್ತದೆ, ಎದುರಿಗೆ ಗುರುತಿಲ್ಲದ ಮನುಷ್ಯ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನಿಂತಿರುತ್ತಾನೆ. 1870ರ ದಶಕದ ಕೊನೆಗೆ ಒಣ ಗಾಜಿನ ಪ್ಲೇಟು ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಸಮಯ ಬಹಳ ಕಮ್ಮಿ ಆಯ್ತು. ಅಭ್ಯಾಸ ಮಾತ್ರ ಬೇಗ ಹೋಗಲಿಲ್ಲ. ಮುಖ ನೋಡಿ ಬದುಕು ಅಳೆಯಬೇಡಿ. ಪಾದ ನೋಡಿ, ಹಗ್ಗ ನೋಡಿ, ಬಟ್ಟೆಗೆ ಹಾಕಿದ ತೇಪೆ ನೋಡಿ.

ಪ್ರಶ್ನೆ: ಆ ಕಾಲದ ಕ್ಯಾಮೆರಾ, ಗಾಜು ಎಲ್ಲ ಅಷ್ಟು ಎತ್ತರಕ್ಕೆ ಹೇಗೆ ತಗೊಂಡು ಹೋಗ್ತಿದ್ರು?

ತಗೊಂಡು ಹೋಗ್ತಿದ್ದವರು ಬೆಟ್ಟದ ಜನರೇ. 1863ರಲ್ಲಿ ಭಾರತಕ್ಕೆ ಬಂದ ಬ್ರಿಟಿಷ್ ಫೋಟೊಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್ ಹಿಮಾಲಯದೊಳಗೆ ಮೂರು ದೊಡ್ಡ ಪ್ರಯಾಣ ಮಾಡಿದ. 1866ರದ್ದರಲ್ಲಿ ಸುಮಾರು 80 ಹೊರೆಯಾಳುಗಳಿದ್ದರು. ಯಾಕೆ ಅಷ್ಟು ಜನ ಅಂದರೆ, ಒದ್ದೆ ಪದ್ಧತಿಯಲ್ಲಿ ಫೋಟೊ ತೆಗೆಯುವ ಜಾಗಕ್ಕೇ ಕತ್ತಲೆ ಕೋಣೆ ಬರಬೇಕು. ಡೇರೆ ಹಾಕಬೇಕು, ಗಾಜಿನ ಮೇಲೆ ಕೊಲೋಡಿಯನ್ ಅನ್ನುವ ಅಂಟು ದ್ರವ ಸುರಿದು ಸಮನಾಗಿ ಹರಡಬೇಕು, ಬೆಳ್ಳಿಯ ನೈಟ್ರೇಟ್‌ನಲ್ಲಿ ಅದ್ದಬೇಕು, ಒಣಗುವ ಮೊದಲೇ ಫೋಟೊ ತೆಗೆದು ಅಲ್ಲೇ ತೊಳೆದು ಮುಗಿಸಬೇಕು. ಎಲ್ಲ ಸೇರಿ ಹತ್ತು-ಹದಿನೈದು ನಿಮಿಷದಲ್ಲಿ. ಆ ಗಾಜು, ರಾಸಾಯನಿಕ, ಡೇರೆ, ಅದರ ಮೇಲೆ ಸಾಹೇಬರ ಊಟ-ಹಾಸಿಗೆ, ಎಲ್ಲವೂ ಯಾರದೋ ಬೆನ್ನ ಮೇಲೆ. ಆ ಪ್ರಯಾಣದಲ್ಲೇ ಬೋರ್ನ್ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಫೋಟೊ ತೆಗೆದ. ಅಷ್ಟು ಎತ್ತರದಲ್ಲಿ ಫೋಟೊ ತೆಗೆದವರು ಬಹಳ ವರ್ಷ ಬೇರೆ ಯಾರೂ ಇರಲಿಲ್ಲ. ಆಳುಗಳು ಹೊರೆ ಬಿಟ್ಟು ಓಡಿಹೋಗುತ್ತಾರೆ ಅಂತ ಲಂಡನ್ನಿನ ಪತ್ರಿಕೆಯೊಂದಕ್ಕೆ ದೂರಿ ಬರೆದವನೂ ಅವನೇ. ಹಿಮದಲ್ಲಿ ಗಾಜಿನ ಪೆಟ್ಟಿಗೆ ಹೊತ್ತವನು ಯಾಕೆ ಓಡಿದ ಅಂತ ಆ ಆಳನ್ನೇ ಕೇಳಿ ಬೋರ್ನ್ ಬರೆದಿದ್ದರೆ ನಮಗೆ ಇನ್ನೊಂದು ಚರಿತ್ರೆಯೇ ಸಿಗುತ್ತಿತ್ತು.

ಬೋರ್ನ್‌ನ ಕೆಲಸ ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಬೇಕಾಗಿದ್ದದ್ದು ಶಿಖರ, ನದಿ, ಮರ. ಮನುಷ್ಯರು ಬಂದರೆ ಸಾಮಾನ್ಯವಾಗಿ ಬೆಟ್ಟ ಎಷ್ಟು ದೊಡ್ಡದು ಅಂತ ತೋರಿಸುವ ಅಳತೆಗೋಲಾಗಿ ಬರುತ್ತಾರೆ.

ಪ್ರಶ್ನೆ: ಹಿಮದ ಬೆಟ್ಟಗಳ ಹಳೆ ಫೋಟೊಗಳಲ್ಲಿ ಆಕಾಶ ಯಾಕೆ ಬರೀ ಬಿಳಿ? ಫೋಟೊ ಹಾಳಾಗಿದೆಯಾ?

ಇಲ್ಲ. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಜಾಸ್ತಿ ತಾಗುತ್ತಿತ್ತು, ಕೆಂಪು ಹೆಚ್ಚೂಕಮ್ಮಿ ತಾಗುತ್ತಲೇ ಇರಲಿಲ್ಲ. ಅದಕ್ಕೇ ನೀಲಿ ಆಕಾಶ ಬಿಳಿ, ಕೆಂಪು ಕಂಬಳಿ ಕಪ್ಪು. ಬಿಸಿಲಿಗೆ ಕೆಂಪಾದ ಚರ್ಮ ಕೂಡ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತದೆ.

ಪ್ರಶ್ನೆ: ಹಾಗಾದರೆ ಈಗ ಕಂಪ್ಯೂಟರ್‌ನಲ್ಲಿ ಬಣ್ಣ ಹಾಕಿ ಹಂಚುತ್ತಾರಲ್ಲ, ಅದು ತಪ್ಪಾ?

ನೋಡೋಕೆ ಚೆನ್ನಾಗಿರುತ್ತದೆ, ನಂಬೋಕೆ ಆಗಲ್ಲ. ಮೇಲೆ ಹೇಳಿದ ಕಾರಣಕ್ಕೇ ಹಳೆ ಪ್ಲೇಟಿನ ಕಪ್ಪು-ಬಿಳುಪಿನಿಂದ ಮೂಲ ಬಣ್ಣ ಹಿಂದಕ್ಕೆ ಬರುವುದಿಲ್ಲ, ಕಂಪ್ಯೂಟರ್ ಊಹೆ ಮಾಡುತ್ತದೆ ಅಷ್ಟೇ. ನೇಯುವವರ, ಬಣ್ಣ ಅದ್ದುವವರ ಊರಿನ ಫೋಟೊಗೆ ಸಿಕ್ಕಿದ ಬಣ್ಣ ಬಳಿದರೆ ಅವರ ಕಸುಬನ್ನೇ ಅಳಿಸಿದ ಹಾಗೆ ಆಗುತ್ತದೆ. ಹಂಚಲೇಬೇಕು ಅಂದರೆ ಮೂಲ ಫೋಟೊವನ್ನೂ ಜೊತೆಗೆ ಹಾಕಿ, ಬಣ್ಣ ಈಗ ಹಾಕಿದ್ದು ಅಂತ ಬರೆಯಿರಿ.

ನಿಜವಾದ ಬಣ್ಣದ ಹಳೆ ಫೋಟೊಗಳೂ ಇವೆ, ಅವನ್ನ ನೋಡಿ. ರಷ್ಯಾದ ಸೆರ್ಗೇಯ್ ಪ್ರೊಕುದಿನ್-ಗೋರ್ಸ್ಕಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಒಂದರ ಹಿಂದೊಂದು ಮೂರು ಸಲ ಫೋಟೊ ತೆಗೆಯುತ್ತಿದ್ದ. ಮೂರನ್ನೂ ಸೇರಿಸಿದರೆ ಬಣ್ಣದ ಚಿತ್ರ. ಕಾಕಸಸ್‌ನ ದಾಗೆಸ್ತಾನದ ಬೆಟ್ಟದವರು, ಕಪ್ಪು ಸಮುದ್ರದ ಹತ್ತಿರ ಚಾಕ್ವಾ ಗುಡ್ಡದಲ್ಲಿ ಚಹಾ ಎಲೆ ಕೀಳುವ ಗ್ರೀಕ್ ಹೆಂಗಸರು, ಎಲ್ಲ ಅವನ ಪ್ಲೇಟುಗಳಲ್ಲಿದ್ದಾರೆ. ಮೂರು ಫೋಟೊಗಳ ನಡುವೆ ಯಾರಾದರೂ ಕೈ ಅಲ್ಲಾಡಿಸಿದರೆ ಆ ಕೈ ಸುತ್ತ ಕೆಂಪು-ಹಸಿರು ಅಂಚು ಕಾಣುತ್ತದೆ. ನನಗೆ ಆ ಅಂಚು ತುಂಬಾ ಇಷ್ಟ. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ಅವನ ಮನೆಯವರಿಂದ ಕೊಂಡಿತು. ಈಗ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ಈ "ಕೆಲಸದ ಫೋಟೊ"ಗಳಲ್ಲಿ ಜನ ನಿಜವಾಗಿ ಕೆಲಸ ಮಾಡ್ತಿದ್ರಾ, ಸುಮ್ನೆ ಪೋಸ್ ಕೊಡ್ತಿದ್ರಾ?

ಬಹಳ ಸಲ ಪೋಸ್. ಪೋಸ್ ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ. ಯಾರು ನಿಲ್ಲಿಸಿದರು, ಯಾತಕ್ಕೆ ನಿಲ್ಲಿಸಿದರು ಅನ್ನೋದು ಮುಖ್ಯ.

ಅಮೆರಿಕದ ಅಪಲಾಚಿಯನ್ ಬೆಟ್ಟಗಳನ್ನೇ ತಗೊಳ್ಳಿ. 1934ರಲ್ಲಿ ತೀರಿಕೊಂಡ ಡೋರಿಸ್ ಉಲ್ಮನ್ ನ್ಯೂಯಾರ್ಕಿನ ಅನುಕೂಲಸ್ಥ ಹೆಂಗಸು. ಬೆಟ್ಟದ ನೇಯ್ಗೆಯವರು, ಬುಟ್ಟಿ ಹೆಣೆಯುವವರು, ವಾದ್ಯ ಮಾಡುವವರನ್ನು ದೊಡ್ಡ ಕ್ಯಾಮೆರಾದಲ್ಲಿ ತಾಳ್ಮೆಯಿಂದ ತೆಗೆದರು. ಅವರು ತೆಗೆದ ಕೈಗಳ ಫೋಟೊಗಳಿಗೆ ಸಾಟಿ ಇಲ್ಲ. ಆದರೆ ಅವರಿಗೆ ಹಳೆ ಕಾಲವೇ ಬೇಕಿತ್ತು. ಕೆಲವರಿಗೆ ಅಜ್ಜಿಯ ಕಾಲದ ಬಟ್ಟೆ ಹಾಕಿಸಿ, ರಾಟೆ ಮುಂದೆ ಕೂರಿಸಿ ತೆಗೆದಿದ್ದಾರೆ. ಅದನ್ನು ನೋಡಿ "1930ರಲ್ಲಿ ಬೆಟ್ಟದವರು ಹೀಗೇ ಬದುಕುತ್ತಿದ್ದರು" ಅಂದರೆ ತಪ್ಪಾಗುತ್ತದೆ. ಅದೇ ಸಮಯಕ್ಕೆ ಅದೇ ಬೆಟ್ಟಗಳಲ್ಲಿ ಸಾವಿರಾರು ಜನ ಕಲ್ಲಿದ್ದಲು ಗಣಿಗೆ ಇಳಿಯುತ್ತಿದ್ದರು.

ಆ ಗಣಿಗೆ ಇಳಿದದ್ದು ಲೂಯಿಸ್ ಹೈನ್. ಬಾಲ ಕಾರ್ಮಿಕ ಪದ್ಧತಿ ನಿಲ್ಲಿಸಲು ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗಾಗಿ 1908ರಲ್ಲಿ ವೆಸ್ಟ್ ವರ್ಜೀನಿಯಾದ ಗಣಿಗಳಲ್ಲಿ ಫೋಟೊ ತೆಗೆದ. ಮಾಲೀಕರು ಬಿಡದ ಕಡೆ ಬೇರೆ ಏನೋ ನೆಪ ಹೇಳಿ ಒಳಗೆ ಹೋಗುತ್ತಿದ್ದ. ಮಕ್ಕಳ ಎತ್ತರವನ್ನು ತನ್ನ ಕೋಟಿನ ಗುಂಡಿಗಳ ಲೆಕ್ಕದಲ್ಲಿ ಅಳೆದು ಗುಟ್ಟಾಗಿ ಬರೆದುಕೊಳ್ಳುತ್ತಿದ್ದ. ಅವನ ಒಂದು ಫೋಟೊದಲ್ಲಿ 15 ವರ್ಷದ ಹುಡುಗ ಗಣಿಯೊಳಗೆ ಒಂದು ದೊಡ್ಡ ಮರದ ಬಾಗಿಲ ಪಕ್ಕ ಕೂತಿದ್ದಾನೆ. ಕಲ್ಲಿದ್ದಲ ಗಾಡಿ ಬಂದಾಗ ಬಾಗಿಲು ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು. ಗಣಿಯೊಳಗೆ ಗಾಳಿ ಸರಿಯಾದ ದಾರಿಯಲ್ಲೇ ಹೋಗಲಿ ಅಂತ ಆ ಬಾಗಿಲು. 10 ಗಂಟೆಗೆ 75 ಸೆಂಟ್ ಕೂಲಿ, ಹೆಚ್ಚಿನ ಹೊತ್ತು ಒಬ್ಬನೇ ಕತ್ತಲಲ್ಲಿ ಕಾಯುವುದೇ ಕೆಲಸ. ಹೈನ್ ಫ್ಲ್ಯಾಶ್ ಪುಡಿ ಹೊತ್ತಿಸಿ ಫೋಟೊ ತೆಗೆದ. ಆಮೇಲೆ ಪ್ಲೇಟು ತೊಳೆದಾಗ ನೋಡಿದರೆ ಬಾಗಿಲ ತುಂಬಾ ಸೀಮೆಸುಣ್ಣದ ಗೀಚು, ಅದರಲ್ಲಿ ಹಕ್ಕಿಗಳ ಚಿತ್ರಗಳು. ಅಲ್ಲಿನ ಕತ್ತಲಿಗೆ ಹೈನ್ ಕಣ್ಣಿಗೇ ಅವು ಬಿದ್ದಿರಲಿಲ್ಲ. ಇದನ್ನು ಅವನೇ ಫೋಟೊದ ಜೊತೆ ಬರೆದಿಟ್ಟಿದ್ದಾನೆ. ಆ ಹುಡುಗನನ್ನು ಹೈನ್ ಕೂರಿಸಿಯೇ ತೆಗೆದಿರಬಹುದು. ಆ ಹಕ್ಕಿಗಳನ್ನು ಬರೆಸಿದವರು ಯಾರೂ ಇಲ್ಲ. ಹಳೆ ಫೋಟೊಗಳಲ್ಲಿ ನಾನು ಹುಡುಕೋದು ಇಂಥದ್ದನ್ನೇ, ತೆಗೆಯುವವನ ಕಣ್ಣಿಗೂ ಬೀಳದೆ ಫೋಟೊದೊಳಗೆ ಬಂದುಬಿಟ್ಟದ್ದನ್ನು.

ಇನ್ನೊಂದು ಥರದ ಪೋಸ್ ಇದೆ, ಅದನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. 1919ರ ಕೊನೆಯಿಂದ ಸ್ವಿಟ್ಜರ್ಲೆಂಡಿನ ಭಾಷಾತಜ್ಞ ಪಾಲ್ ಶಾಯರ್‌ಮಾಯರ್ ಆಲ್ಪ್ಸ್ ಹಳ್ಳಿಗಳಲ್ಲಿ, ಇಟಲಿಯಲ್ಲಿ, ಸುಮಾರು 2000 ಪ್ರಶ್ನೆಗಳ ಪಟ್ಟಿ ಹಿಡಿದು ಓಡಾಡಿದ. ಯಾವ ಊರಿನಲ್ಲಿ ಯಾವ ಪದ ಬಳಸುತ್ತಾರೆ ಅಂತ ತೋರಿಸುವ ಭಾಷಾ ನಕ್ಷೆ ಮಾಡುವ ಕೆಲಸ ಅದು. ನೊಗದ ಈ ಭಾಗಕ್ಕೆ ಏನಂತೀರಿ, ಹುಲ್ಲು ಹೊರುವ ಈ ಚೌಕಟ್ಟಿಗೆ ಏನಂತೀರಿ ಅಂತ ಕೇಳುವುದು, ಆಮೇಲೆ ಅದನ್ನು ಹಿಡಿದು ಬಳಸಿ ತೋರಿಸಲು ಹೇಳಿ ಫೋಟೊ ತೆಗೆಯುವುದು. ಬೆಣ್ಣೆ ಕಡೆಯುವುದು, ಸೆಣಬು ಬಡಿಯುವುದು, ಕುಡುಗೋಲಿನ ಅಲಗು ತಟ್ಟಿ ಹರಿತ ಮಾಡುವುದು, ಎಲ್ಲ. 1930ರ ದಶಕದಲ್ಲಿ ಪಾಲ್ ಬೋಶ್ ಅನ್ನುವ ಚಿತ್ರಕಾರನನ್ನೂ ಕರೆದುಕೊಂಡು ಮತ್ತೆ ಹೋದ, ಫೋಟೊದಲ್ಲಿ ಸರಿಯಾಗಿ ಕಾಣದ ಸಲಕರಣೆಗಳ ಚಿತ್ರ ಬರೆಸಿದ. ಇಲ್ಲಿ ಹಳ್ಳಿಯವರು ನೋಟದ ವಸ್ತು ಆಗಿರಲಿಲ್ಲ, ಕಲಿಸುವವರಾಗಿದ್ದರು. ಫೋಟೊಗಳಲ್ಲೂ ಅದು ಗೊತ್ತಾಗುತ್ತದೆ.

ಪ್ರಶ್ನೆ: ಎಲ್ಲ ಹೊರಗಿನವರೇ ತೆಗೆದದ್ದಾ? ಬೆಟ್ಟದವರು ತಾವೇ ಕ್ಯಾಮೆರಾ ಹಿಡಿಯಲಿಲ್ವಾ?

ಹಿಡಿದರು. ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯ್ತು, ಯಾಕಂದ್ರೆ ಇವರ ಹೆಸರು ಎಲ್ಲರಿಗೂ ಗೊತ್ತಾಗಬೇಕು.

ಪೆರು ದೇಶದ ಮಾರ್ಟಿನ್ ಚಂಬಿ. 1891ರಲ್ಲಿ ಆಂಡಿಸ್ ಬೆಟ್ಟಗಳ ಕೊಆಸಾ ಎಂಬ ಹಳ್ಳಿಯಲ್ಲಿ ಅಲ್ಲಿನ ಮೂಲನಿವಾಸಿಗಳ ಕ್ವೆಚುವಾ ಭಾಷೆ ಮಾತಾಡುವ ರೈತ ಕುಟುಂಬದಲ್ಲಿ ಹುಟ್ಟಿದವರು. ಚಿನ್ನದ ಗಣಿಯೊಂದರಲ್ಲಿ ಅಪ್ಪ ದುಡಿಯುತ್ತಿದ್ದರು, ಹುಡುಗ ಮೊದಲ ಸಲ ಕ್ಯಾಮೆರಾ ನೋಡಿದ್ದು ಅಲ್ಲೇ. ಆಮೇಲೆ ಅರೆಕಿಪಾ ನಗರದ ಸ್ಟುಡಿಯೊದಲ್ಲಿ ಕೆಲಸ ಕಲಿತು, ಕುಸ್ಕೊದಲ್ಲಿ ಸ್ವಂತ ಸ್ಟುಡಿಯೊ ಇಟ್ಟರು. ಜಮೀನ್ದಾರರ ಮದುವೆಯನ್ನೂ ತೆಗೆದರು, ಬರಿಗಾಲಿನ ರೈತನನ್ನೂ ಅದೇ ಸ್ಟುಡಿಯೊ ಬೆಳಕಿನಲ್ಲಿ, ಅದೇ ಮರ್ಯಾದೆಯಿಂದ ನಿಲ್ಲಿಸಿ ತೆಗೆದರು. 1973ರಲ್ಲಿ ತೀರಿಕೊಂಡರು. 1979ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ನಡೆಯಿತು.

ಸ್ವಿಟ್ಜರ್ಲೆಂಡಿನ ಬ್ಲೇನಿಯೊ ಕಣಿವೆಯ ರೊಬೆರ್ಟೊ ಡೊನೆಟ್ಟಾ ಇನ್ನೊಬ್ಬರು (1865–1932). ಹೊಟ್ಟೆಪಾಡಿಗೆ ಊರೂರು ತಿರುಗಿ ತರಕಾರಿ ಬೀಜ ಮಾರುತ್ತಿದ್ದರು, ಜೊತೆಗೆ ಕ್ಯಾಮೆರಾ. ಮನೆ ಮುಂದೆ ಬಟ್ಟೆಯೊಂದನ್ನು ಇಳಿಬಿಟ್ಟು, ಅದರ ಎದುರು ಕುಟುಂಬವನ್ನು ಕೂರಿಸುತ್ತಿದ್ದರು. ಮಕ್ಕಳು ಅವರ ಮುಂದೆ ಎಷ್ಟು ಸಲೀಸಾಗಿ ಇದ್ದಾರೆ ನೋಡಬೇಕು! ಬಡತನದಲ್ಲೇ ಸತ್ತರು. ಸುಮಾರು 5000 ಗಾಜಿನ ಪ್ಲೇಟುಗಳು ಯಾರ ಲಕ್ಷ್ಯಕ್ಕೂ ಬಾರದೆ ದಶಕಗಟ್ಟಲೆ ಬಿದ್ದಿದ್ದವು. 1980ರ ದಶಕದಲ್ಲಿ ಬೆಳಕಿಗೆ ಬಂದವು.

ಇದರ ಪಕ್ಕಕ್ಕೆ ಬ್ರಿಟಿಷ್ ಸರ್ಕಾರ ಭಾರತದ ಜನರ ಬಗ್ಗೆ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ತಂದ ಫೋಟೊ ಸಂಗ್ರಹ ಇಟ್ಟು ನೋಡಿ. ಅಲ್ಲಿ ಬೆಟ್ಟದವರಿಗೆ ಹೆಚ್ಚಾಗಿ ಜಾತಿ, ಬುಡಕಟ್ಟಿನ ಹೆಸರು ಮಾತ್ರ, ಸ್ವಂತ ಹೆಸರಿಲ್ಲ. ಡೊನೆಟ್ಟಾ ತೆಗೆದದ್ದು ತನ್ನ ಗಿರಾಕಿಗಳನ್ನ, ನೆರೆಯವರನ್ನ.

ಪ್ರಶ್ನೆ: ಬೆಟ್ಟದವರ ಬಡತನದ ಫೋಟೊ ಹಂಚಿದರೆ ಅವರಿಗೆ ಅವಮಾನ ಆಗಲ್ವಾ? ನಮ್ಮ ಗುಂಪಿನಲ್ಲಿ ಈ ಬಗ್ಗೆ ಜಗಳವೇ ಆಯ್ತು.

ಈ ಜಗಳ ಹಳೆಯದು, ಒಮ್ಮೆ ಜೀವವನ್ನೇ ತೆಗೆದಿದೆ. 1960ರ ದಶಕದಲ್ಲಿ ಅಮೆರಿಕ ಸರ್ಕಾರ ಬಡತನದ ವಿರುದ್ಧ ಯುದ್ಧ ಸಾರಿದಾಗ ಕೆಂಟಕಿಯ ಬೆಟ್ಟಗಳಿಗೆ ಕ್ಯಾಮೆರಾಗಳು ಮುಗಿಬಿದ್ದವು. ಹರಕು ಮನೆ, ಮಸಿ ಮುಖ, ಬರಿಗಾಲ ಮಕ್ಕಳು, ಇವೇ ಟಿವಿ ತುಂಬಾ. 1967ರಲ್ಲಿ ಕೆನಡಾದ ಚಿತ್ರ ನಿರ್ದೇಶಕ ಹ್ಯೂ ಓಕಾನರ್ ಅಲ್ಲಿನ ಲೆಚರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಾಡಿಗೆ ಮನೆಯೊಂದರ ಜಗಲಿಯಲ್ಲಿದ್ದ ಗಣಿ ಕಾರ್ಮಿಕನನ್ನು ಚಿತ್ರೀಕರಿಸುತ್ತಿದ್ದಾಗ, ಮನೆಯ ಮಾಲೀಕ ಬಂದು ಗುಂಡು ಹೊಡೆದು ಕೊಂದ. ಆ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಹೊರಗಿನವರು ನಮ್ಮನ್ನು ಹೀಗೇ ತೋರಿಸ್ತಾರೆ ಅನ್ನುವ ಸಿಟ್ಟು ಆ ಊರಲ್ಲಿ ಅವನೊಬ್ಬನದೇ ಆಗಿರಲಿಲ್ಲ. ಎರಡು ವರ್ಷದ ಮೇಲೆ, 1969ರಲ್ಲಿ, ಅದೇ ಕೌಂಟಿಯ ವೈಟ್ಸ್‌ಬರ್ಗ್‌ನಲ್ಲಿ ಆಪಲ್‌ಶಾಪ್ ಶುರುವಾಯ್ತು. ಬೆಟ್ಟದ ಹುಡುಗ-ಹುಡುಗಿಯರಿಗೇ ಕ್ಯಾಮೆರಾ ಕೊಟ್ಟು ಕಲಿಸುವ ಸಂಸ್ಥೆ. ಅವರು ತಮ್ಮ ಅಜ್ಜಂದಿರನ್ನು, ಗಣಿಯವರನ್ನು, ಕುರ್ಚಿ ಮಾಡುವವರನ್ನು ಚಿತ್ರೀಕರಿಸಿದರು. 2022ರ ಜುಲೈ ಪ್ರವಾಹದಲ್ಲಿ ಅವರ ಸಂಗ್ರಹಕ್ಕೆ ನೀರು ನುಗ್ಗಿತು, ಕೆಸರಾದ ಫಿಲ್ಮುಗಳನ್ನು ಎತ್ತಿ ಉಳಿಸುವ ಕೆಲಸ ಮಾಡಬೇಕಾಯ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬಡತನದ ಫೋಟೊ ಮುಚ್ಚಿಡಬೇಡಿ. 1946ರಲ್ಲಿ ಫೋಟೊಗ್ರಾಫರ್ ರಸೆಲ್ ಲೀ ಅಮೆರಿಕದ ಕಲ್ಲಿದ್ದಲು ಊರುಗಳ ಸೋರುವ ಮನೆ, ಕೊಳಕು ನೀರು ತೆಗೆದದ್ದು ಸರ್ಕಾರದ ಆರೋಗ್ಯ ಸಮೀಕ್ಷೆಗೆ. ಕಾರ್ಮಿಕರ ಮುಷ್ಕರದ ನಂತರ ಆದ ಒಪ್ಪಂದದಿಂದಲೇ ಆ ಸಮೀಕ್ಷೆ ನಡೆದದ್ದು. ಅದೇ ಲೀ ಆ ಜನರ ಪ್ರಾರ್ಥನೆ, ಸಂಘದ ಸಭೆ, ಮಕ್ಕಳ ಆಟ ಕೂಡ ತೆಗೆದರು. ನೀವು ಹಂಚುವಾಗ ವರ್ಷ, ಜಾಗ, ತೆಗೆದವರ ಹೆಸರು, ಯಾತಕ್ಕೆ ತೆಗೆದರು, ಇಷ್ಟನ್ನು ಹಾಕಿ. "ಪಾಪ" ಅನ್ನುವ ಒಂದೇ ಪದ ಬರೆದು ಕಳಿಸುವುದಾದರೆ ಕಳಿಸಲೇಬೇಡಿ.

ಪ್ರಶ್ನೆ: ದುಡ್ಡು ಕೊಡದೆ ಇಂಥ ಫೋಟೊ ಎಲ್ಲಿ ನೋಡಬಹುದು?

ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಿಂದ ಶುರು ಮಾಡಿ. ಹೈನ್ ಅಲ್ಲಿದ್ದಾನೆ, ಪ್ರೊಕುದಿನ್-ಗೋರ್ಸ್ಕಿ ಅಲ್ಲಿದ್ದಾನೆ. 1930-40ರ ದಶಕಗಳಲ್ಲಿ ಅಮೆರಿಕ ಸರ್ಕಾರ ತೆಗೆಸಿದ 1,70,000ಕ್ಕೂ ಹೆಚ್ಚು ನೆಗೆಟಿವ್‌ಗಳೂ ಅಲ್ಲಿವೆ. ಅದರಲ್ಲಿ ಮರಿಯನ್ ಪೋಸ್ಟ್ ವಾಲ್ಕಾಟ್ 1940ರಲ್ಲಿ ಕೆಂಟಕಿ ಬೆಟ್ಟಗಳಲ್ಲಿ ತೆಗೆದದ್ದನ್ನು ಹುಡುಕಿ. ಮನೆಯಲ್ಲೇ ಮಾಡಿದ ಶವಪೆಟ್ಟಿಗೆಯನ್ನು ಜನ ಹಳ್ಳದೊಳಗೇ ನಡೆದು ಒಯ್ಯುವ ಫೋಟೊ ಇದೆ. ಬೇರೆ ರಸ್ತೆ ಇಲ್ಲದ ಊರುಗಳಿಗೆ ಹಳ್ಳವೇ ರಸ್ತೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಿರಿಯರ ಕಾಲದ ಗಾಜಿನ ಪ್ಲೇಟುಗಳು, ಫಿಲ್ಮುಗಳು, ಫೋಟೊಗಳು ಸಿಕ್ಕಿವೆ. ಬೆಟ್ಟದ ಕೆಲಸಗಳ ಚಿತ್ರಗಳು. ಏನು ಮಾಡಲಿ?

ಮೊದಲು ಒರೆಸೋದು ನಿಲ್ಲಿಸಿ. ಗಾಜಿನ ಪ್ಲೇಟಿನಲ್ಲಿ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಚಿತ್ರ ಇರೋದು ಮಂಕು ಬದಿಯಲ್ಲಿ, ಅದಕ್ಕೆ ನೀರು, ಬೆರಳು ಎರಡೂ ತಾಗಬಾರದು. ಒಂದೊಂದನ್ನೂ ಆಮ್ಲ ಇಲ್ಲದ ಕಾಗದದ ಲಕೋಟೆಗೆ ಹಾಕಿ, ಉದ್ದ ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಒಡೆಯುತ್ತದೆ. ಫಿಲ್ಮು ವಿನಿಗರ್ ವಾಸನೆ ಹೊಡೆಯುತ್ತಿದ್ದರೆ ಅದು ಕೊಳೆಯಲು ಶುರುವಾಗಿದೆ, ಉಳಿದವುಗಳಿಂದ ದೂರ ಇಡಿ. ಬಹಳ ಹಳೆಯ ಫಿಲ್ಮಾದರೆ ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಆಗಿರಬಹುದು, ಬಿಸಿ ಜಾಗದಲ್ಲಿ ಇಡಲೇಬೇಡಿ, ತಿಳಿದವರಿಗೆ ತೋರಿಸಿ. ಅಂಟುವ ಪುಟಗಳ ಆಲ್ಬಂ ಬೇಡ.

ಸ್ಕ್ಯಾನ್ ಮಾಡಿಸಿದ ಮೇಲೆ ಮುಖ್ಯ ಕೆಲಸ ಇದೆ. ಆ ಕೆಲಸ ಮಾಡಿ ಗೊತ್ತಿರುವ ಹಿರಿಯರು ಬದುಕಿದ್ದರೆ ಈ ವಾರವೇ ಹೋಗಿ. "ಇದು ಯಾರು" ಅಂತ ಮಾತ್ರ ಕೇಳಿದರೆ ಒಂದು ಹೆಸರು ಸಿಗುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಈ ಹಗ್ಗ ಯಾತರಿಂದ ಹೊಸೆದದ್ದು, ಹೊರೆ ಎಲ್ಲಿ ಇಳಿಸುತ್ತಿದ್ದರು, ಮಳೆ ಬಂದರೆ ಏನು ಮಾಡುತ್ತಿದ್ದರು, ಫೋಟೊದಲ್ಲಿ ಇಲ್ಲದ ಹೆಂಗಸರು ಆ ಹೊತ್ತಿಗೆ ಏನು ಮಾಡುತ್ತಿದ್ದರು ಅಂತ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ತಗೊಂಡೇ. ಹೆಸರು ಸಿಕ್ಕಿದ ಕೂಡಲೇ ಫೋಟೊ ಹಿಂದೆ, ಅಂಚಿನ ಹತ್ತಿರ, ಮೆತ್ತನೆ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತು ಮುಂದಿನ ಬದಿಗೂ ಬರುತ್ತದೆ.